ಎಡ ಹುಬ್ಬಿನ ಮೇಲಿನ ಮಚ್ಚೆ

ಕಳೆದ ತಿಂಗಳು ಒಂದು ಅರ್ಜಿಗೆ ಫೋಟೋ ಬೇಕಾಗಿತ್ತು. ಫರೀದಾಬಾದಿನಲ್ಲಿ ನಾನಿರುವ ಸೆಕ್ಟರಿನಲ್ಲೇ ಮೂರು ಸ್ಟುಡಿಯೋಗಳಿವೆ. ಆದರೂ ಬೇರೆ ಕೆಲಸದ ಮೇಲೆ ದೆಹಲಿಗೆ ಹೋಗಿದ್ದವಳು ಲಕ್ಷ್ಮೀ ನಗರ ನಿಲ್ದಾಣದಲ್ಲಿ ಮೆಟ್ರೋ ಇಳಿದುಬಿಟ್ಟೆ. ಗಲ್ಲಿಗೆ ತಿರುಗುತ್ತಿದ್ದಂತೆ ಲ್ಯಾಮಿನೇಷನ್ ಯಂತ್ರದ ಬಿಸಿ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಂತು. ನಾನು ಒಂದು ಚಳಿಗಾಲ ಪೂರ್ತಿ ಕುಳಿತಿದ್ದ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಎದುರಿಗೆ ಹೊಸದೊಂದು ಸ್ಟುಡಿಯೋ. ಅಲ್ಲಿ ಫೋಟೋ ತೆಗೆದವನು ಪರದೆಯನ್ನು ನನ್ನ ಕಡೆ ತಿರುಗಿಸಿ, "ಮ್ಯಾಡಮ್, ಫೇಸ್ ಸಾಫ್ ಕರ್ ದೂಂ? ಫ್ರೀ ಹೈ" ಎಂದ. ಚಿಕ್ಕಂದಿನಲ್ಲಿ ಮೈಮೇಲೆ ಅಮ್ಮ ಎದ್ದಾಗ ಉಳಿದ ಎರಡು ಕುಳಿಗಳು ನನ್ನ ಕೆನ್ನೆಯ ಮೇಲಿವೆ. ಅವನ್ನು ಅಳಿಸಲೇ ಎಂದು ಕೇಳುತ್ತಿದ್ದ.

"ಬೇಡ, ಏನನ್ನೂ ಮುಟ್ಟಬೇಡಿ" ಎಂದು ಹಿಂದಿಯಲ್ಲಿ ಹೇಳಿದೆ. ಅಂದುಕೊಂಡದ್ದಕ್ಕಿಂತ ದನಿ ಜೋರಾಗಿತ್ತು. ಅವನು ಮೌಸಿನ ಮೇಲಿಂದ ಕೈ ತೆಗೆದು ನನ್ನನ್ನೇ ನೋಡಿದ.

ಆ ಚಳಿಗಾಲವನ್ನು ಬರೆದಿಡಬೇಕು ಎನ್ನಿಸಿದ್ದು ಆಗ.

ನಾನು ಹೊಸಪೇಟೆಯಿಂದ ದೆಹಲಿಗೆ ಬಂದದ್ದು ನಾಗರಿಕ ಸೇವೆಯ ದೊಡ್ಡ ಪರೀಕ್ಷೆಗೆ ಓದಲು. ಎರಡು ಸಲ ಬರೆದೆ, ಎರಡು ಸಲವೂ ಆಗಲಿಲ್ಲ. ಮೂರನೆಯ ಸಲ ಅರ್ಜಿಯನ್ನೇ ಹಾಕಲಿಲ್ಲ. ಮನೆಗೆ ಮಾತ್ರ ಫೋನಿನಲ್ಲಿ "ಓದ್ತಾ ಇದ್ದೀನಿ" ಅನ್ನುತ್ತಿದ್ದೆ. ಮೂರನೇ ಮಹಡಿಯ ನನ್ನ ಕೋಣೆಗೆ ಒಂದೇ ಕಿಟಕಿ. ಅದನ್ನು ತೆರೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಪಕ್ಕದ ಕಟ್ಟಡದ ಗೋಡೆ. ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ನಾನು ಆಡಿದ ಮಾತೆಂದರೆ ಹಾಲಿನವನಿಗೆ ಹೇಳಿದ "ಭಯ್ಯಾ, ಆಧಾ ಲೀಟರ್" ಅಷ್ಟೇ. ಅಂಥ ದಿನಗಳಲ್ಲೇ ಸುರೀಂದರ್‌ಜೀ ಅವರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಫೋಟೋ, ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ತುಂಬುವುದು, ಎಲ್ಲವೂ ಹತ್ತಡಿ ಅಗಲದ ಆ ಒಂದೇ ಅಂಗಡಿಯಲ್ಲಿ. ಕೋಚಿಂಗಿನ ಊರಾದ್ದರಿಂದ ಅರ್ಜಿಗಳ ಕಾಲ ಬಂದರೆ ಹೊರಗೆ ಮೆಟ್ಟಿಲವರೆಗೂ ಹುಡುಗ ಹುಡುಗಿಯರ ಸಾಲು.

ಆ ವರ್ಷ ದೀಪಾವಳಿಗೆ ಮುಂಚೆಯೇ ಹೊಗೆ ಇಳಿದಿತ್ತು. ಬೆಳಗ್ಗೆ ಹತ್ತಾದರೂ ಮೆಟ್ರೋ ಕಂಬಗಳ ಮೇಲ್ಭಾಗ ಕಾಣುತ್ತಿರಲಿಲ್ಲ. ಗಂಟಲಲ್ಲಿ ಸದಾ ಸುಟ್ಟ ಕಾಗದದ ರುಚಿ. ಅದೇ ವಾರ ಅಂಗಡಿಯ ಕಂಪ್ಯೂಟರಿನಲ್ಲಿದ್ದ ಕಳ್ಳಪ್ರತಿಯ ಫೋಟೋ ತಂತ್ರಾಂಶ ತೆರೆಯುವುದನ್ನೇ ನಿಲ್ಲಿಸಿತು. ನಾನು ಉಚಿತವಾಗಿ ಸಿಗುವ ಇನ್ನೊಂದನ್ನು ಹಾಕಿದೆ. ಸುರೀಂದರ್‌ಜೀ ಕನ್ನಡಕ ಮೇಲೆತ್ತಿ ನೋಡಿ, "ಮುಫ್ತ್ ಕಾ ಹೈ ಬೇಟಾ? ಹಾಗಾದರೆ ಕೆಲಸವೂ ಪುಕ್ಕಟೆಯವರ ಹಾಗೇ ಮಾಡುತ್ತೆ" ಎಂದರು.

ಮೊದಮೊದಲು ಅವರು ಹೇಳಿದ ಹಾಗೇ ಆಯಿತು. ಪ್ರತಿ ಅರ್ಜಿಗೂ ಫೋಟೋ ಇಷ್ಟೇ ಅಗಲ, ಇಷ್ಟೇ ಎತ್ತರ, ಹಿನ್ನೆಲೆ ಬಿಳಿ, ಕಡತ ಇಷ್ಟಕ್ಕಿಂತ ದೊಡ್ಡದಿರಬಾರದು ಎಂಬ ನಿಯಮಗಳಿದ್ದವು. ಒಂದೊಂದು ಫೋಟೋಗೂ ಹತ್ತು ನಿಮಿಷ ಹಿಡಿಯುತ್ತಿತ್ತು. ಆಮೇಲೆ ತಿಳಿಯಿತು, ಆ ತಂತ್ರಾಂಶಕ್ಕೆ ಯಾರು ಬೇಕಾದರೂ ಹೊಸ ಕೆಲಸ ಕಲಿಸಬಹುದು ಎಂದು. ಹಾಗೆ ಕಲಿಸುವ ಪುಟ್ಟ ಕಡತಗಳಿಗೆ ಪ್ಲಗಿನ್ ಎನ್ನುತ್ತಾರೆ, ಸ್ಕ್ರಿಪ್ಟ್ ಎನ್ನುತ್ತಾರೆ. ಯಾವುದೋ ದೇಶದಲ್ಲಿ ಕುಳಿತ ಯಾರೋ ಬರೆದು, ಬೇಕಾದವರು ಒಯ್ಯಿರಿ ಎಂದು ಇಟ್ಟಿರುತ್ತಾರೆ. ಅಂಥದ್ದೊಂದು ಪ್ಲಗಿನ್ ಮುಖದ ಮೇಲಿನ ಮೊಡವೆ, ಕಲೆಗಳನ್ನು ತಾನೇ ಹುಡುಕಿ, ಸುತ್ತಲ ಚರ್ಮದ ಬಣ್ಣವನ್ನೇ ತಂದು ಅಲ್ಲಿಗೆ ತುಂಬುತ್ತಿತ್ತು. ಅದನ್ನು ಸೇರಿಸಿಕೊಂಡು ನಾನೇ ಒಂದು ಸ್ಕ್ರಿಪ್ಟ್ ಬರೆದೆ. ಫೋಟೋಗಳ ಫೋಲ್ಡರ್ ತೋರಿಸಿದರೆ ಸಾಕು. ಅದು ಒಂದೊಂದನ್ನೇ ತೆರೆದು, ಅರ್ಜಿಯ ಅಳತೆಗೆ ಚಿಕ್ಕದು ಮಾಡಿ, ಹಿನ್ನೆಲೆಯನ್ನು ಬಿಳಿ ಮಾಡಿ, ಕಲೆ ತೆಗೆದು, ಸ್ವಲ್ಪ ಬೆಳಕು ಕೊಟ್ಟು, ಅದೇ ಹೆಸರಿನಲ್ಲಿ ಉಳಿಸುತ್ತಿತ್ತು. ಅದೇ ಹೆಸರಿನಲ್ಲಿ ಎಂದರೆ ಮೂಲ ಫೋಟೋದ ಮೇಲೆಯೇ. ಪ್ಲಗಿನ್ ಬರೆದವನು ಜೊತೆಯ ಟಿಪ್ಪಣಿಯಲ್ಲಿ, "ಯಾವಾಗಲೂ ಪ್ರತಿಯ ಮೇಲೆ ಓಡಿಸಿ" ಎಂದು ಎಚ್ಚರಿಸಿದ್ದ. ಓದಿದ್ದೆ. ಹಾರ್ಡ್ ಡಿಸ್ಕಿನಲ್ಲಿ ಜಾಗ ಕಡಿಮೆ ಎಂದು ಬಿಟ್ಟೆ.

ಆ ಸ್ಕ್ರಿಪ್ಟಿನಲ್ಲಿ ಒಂದು ಬ್ರ್ಯಾಕೆಟ್ ಮುಚ್ಚುವುದು ಮರೆತರೂ ಓಡುತ್ತಿರಲಿಲ್ಲ. ಎಲ್ಲ ಮುಚ್ಚಿದರೆ ಥಟ್ಟನೆ ಓಡುತ್ತಿತ್ತು. ಆ ವರ್ಷ ನನ್ನ ಮಾತು ಕೇಳಿದ್ದು ಅದೊಂದೇ ಎಂದರೆ ಉತ್ಪ್ರೇಕ್ಷೆಯಲ್ಲ.

ಗೌರಿಯ ಪರಿಚಯವಾದದ್ದೂ ಆ ಬ್ರ್ಯಾಕೆಟ್ಟುಗಳಿಂದಲೇ. ಪರದೆಗೆ ಬೆರಳಿಟ್ಟು "ಒಂದು, ಎರಡು, ಮೂರು" ಎಂದು ಎಣಿಸುತ್ತಿದ್ದೆ. ಕೌಂಟರಿನ ಆಚೆಯಿಂದ ಮಾಸ್ಕ್ ಕೆಳಗಿಳಿಸಿ ಒಬ್ಬಳು ಕೇಳಿದಳು: "ಅಕ್ಕಾ, ನೀವು ಕನ್ನಡದವರಾ?"

ತಲೆಯೆತ್ತಿದೆ. "ಹೌದು, ಹೊಸಪೇಟೆ" ಎಂದೆ.

"ನಂಗ ಮಾತಾಡಾಕ ಥೋಡಾ ಥೋಡಾ ಬರತೈತಿ. ಸಮಝ್ ಪೂರಾ ಆಗತೈತಿ" ಎಂದಳು. "ಹೆಸರು ಗೌರವ್ವ. ನಗಬ್ಯಾಡ್ರಿ, ಅಜ್ಜಿ ಹೆಸರು. ಇಲ್ಲಿ ಎಲ್ಲಾರಿಗೂ ಗೌರಿ."

ಅವಳ ಅಪ್ಪ ಗೋಕಾಕ ಕಡೆಯವರು. ಸೈನ್ಯದಿಂದ ನಿವೃತ್ತರಾಗಿ ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಭದ್ರತೆಯ ಮೇಲ್ವಿಚಾರಕರಾಗಿದ್ದರು. ಅವಳು ಬೆಳೆದದ್ದೆಲ್ಲ ಉತ್ತರದ ಕಂಟೋನ್ಮೆಂಟುಗಳಲ್ಲಿ. ಸರ್ಕಾರಿ ಕೆಲಸದ ಒಂದು ಪರೀಕ್ಷೆಗೆ ಓದಲು ಲಕ್ಷ್ಮೀ ನಗರದಲ್ಲಿ ಕೋಣೆ ಮಾಡಿದ್ದಳು. ಎಡ ಹುಬ್ಬಿನ ಮೇಲೆ ಹುರುಳಿಕಾಳಿನಷ್ಟು ಒಂದು ಕಪ್ಪು ಮಚ್ಚೆ. ಮಾತಾಡುವಾಗ ಹುಬ್ಬು ಹಾರಿಸುವ ಅಭ್ಯಾಸ ಅವಳಿಗೆ, ಅದರ ಜೊತೆ ಮಚ್ಚೆಯೂ ಏಳುತ್ತಿತ್ತು.

ಅಂದಿನಿಂದ ತರಗತಿ ಬಿಟ್ಟ ಮೇಲೆ ಐದು ಗಂಟೆಗೆ ಬರುತ್ತಿದ್ದಳು. ಮೂಂಗ್‌ಫಲಿ ಮಾರುವವನಿಂದ ಬಿಸಿ ಕಡಲೆಕಾಯಿ ಪೊಟ್ಟಣ ತಂದು ಕೀಬೋರ್ಡಿನ ಪಕ್ಕ ಇಡುತ್ತಿದ್ದಳು. ಸಿಪ್ಪೆ ಬಿಡಿಸುತ್ತ, "ಅಕ್ಕಾ, ಕೊಹ್ರಾ ಅಂದ್ರ ಕನ್ನಡದಾಗ?" "ಮಂಜು." "ಧುಂವಾ?" "ಹೊಗೆ." "ಇದು ಯಾವುದು ಈಗ, ಹೊರಗ?" ನನಗೂ ಗೊತ್ತಿರಲಿಲ್ಲ. ಸುರೀಂದರ್‌ಜೀ, "ಏ ಮದ್ರಾಸಿ ಆಕಾಶವಾಣಿ, ವಾಲ್ಯೂಮ್ ಕಮ್ಮಿ" ಎನ್ನುವರು. "ಅಂಕಲ್, ಮದ್ರಾಸ್ ಬೇರೆ ಸ್ಟೇಷನ್" ಎಂದು ಅವಳು ಹುಬ್ಬು ಹಾರಿಸುವಳು. ಐದರಿಂದ ಐದೂವರೆ. ಇಡೀ ದಿನದಲ್ಲಿ ನನ್ನದೆನ್ನುವ ಹೊತ್ತು ಅಷ್ಟೇ ಇತ್ತು.

ಅವಳ ಅರ್ಜಿ ತುಂಬಿದ್ದು ನಾನೇ. "ಇದೇ ಲಾಸ್ಟ್ ಚಾನ್ಸ್ ಅಕ್ಕಾ. ಮುಂದಿನ ಸಲಕ್ಕ ಏಜ್ ದಾಟತೈತಿ, ಛಂದ ತುಂಬ್ರಿ" ಎಂದಿದ್ದಳು. ದೇಹದ ಮೇಲಿನ ಗುರುತಿನ ಚಿಹ್ನೆ ಎಂಬ ಕಲಂ ಬಂತು. ನಾನು ಕೇಳಿದೆ. ಅವಳು ಹುಬ್ಬಿನ ಮೇಲೆ ಬೆರಳಿಟ್ಟು, "ಇದು, ಔರ್ ಕ್ಯಾ. ಅಜ್ಜಿಗೂ ಇಲ್ಲೇ ಇತ್ತಂತ. ಹೆಸರಿನ ಜೋಡಿ ಫ್ರೀ ಬಂದೈತಿ" ಎಂದಳು. "ಎಡ ಹುಬ್ಬಿನ ಮೇಲೆ ಕಪ್ಪು ಮಚ್ಚೆ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಆಮೇಲೆ ಅವಳ ಫೋಟೋ ತೆಗೆದು, ಅಂದಿನ ಉಳಿದ ಫೋಟೋಗಳಿದ್ದ ಫೋಲ್ಡರಿಗೆ ಹಾಕಿ ಸ್ಕ್ರಿಪ್ಟ್ ಓಡಿಸಿದೆ. ಎರಡಕ್ಕೂ ನಡುವೆ ಹತ್ತು ನಿಮಿಷವೂ ಇರಲಿಲ್ಲ. ಕೈ ಅದೇ, ಕುರ್ಚಿ ಅದೇ.

ಅಪ್‌ಲೋಡ್ ಮಾಡುವ ಮುಂಚೆ ಅವಳಿಗೆ ತೋರಿಸಿದೆ. ಪರದೆಯ ಮೇಲೆ ಹೆಬ್ಬೆರಳಿನಷ್ಟು ಮುಖ. ಬಗ್ಗಿ ನೋಡಿ, "ಅಚ್ಛಾ, ಇದು ನಾನಾ? ಯಾರೋ ಹೀರೋಯಿನ್ ಇದ್ದಂಗ ಅದಾಳ" ಎಂದು ನಕ್ಕಳು. ನಾನೂ ನಕ್ಕೆ. ಇಬ್ಬರೂ ನೋಡಿದ್ದೆವು. ಇಬ್ಬರಿಗೂ ಕಾಣಲಿಲ್ಲ.

ಪರೀಕ್ಷೆ ಜನವರಿಯಲ್ಲಿ ನಡೆಯಿತು, ಮುಂದಿನವರ ಬೆನ್ನು ಕಾಣದಷ್ಟು ಮಂಜಿನ ದಿನ. ಮರುದಿನ ಐದು ಗಂಟೆಗೆ ಬಂದವಳು ಕಡಲೆಕಾಯಿ ತಂದಿರಲಿಲ್ಲ. ಕೇಂದ್ರದ ಬಾಗಿಲಲ್ಲಿ ತಪಾಸಣೆ ಮಾಡುವ ಹೆಂಗಸು ಪ್ರವೇಶಪತ್ರವನ್ನೂ ಇವಳ ಮುಖವನ್ನೂ ನೋಡಿ ಪಕ್ಕಕ್ಕೆ ನಿಲ್ಲಿಸಿದಳಂತೆ. ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಮುಚ್ಚಳಿಕೆ ಬರೆಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಒಳಗೆ ಬಿಡುವ ಹೊತ್ತಿಗೆ ಪರೀಕ್ಷೆ ಶುರುವಾಗಿ ನಲವತ್ತು ನಿಮಿಷ ಕಳೆದಿತ್ತು. "ಯಾಕ ಅಂತ ಕೇಳಿದೆ. ಫೋಟೋ ಮ್ಯಾಚ್ ಆಗವಲ್ದು ಅಂದ್ರು. ಚಳಿಗೆ ಮುಖ ಊದಿರಬೇಕು" ಎಂದಳು.

ನನಗೆ ಆಗಲೂ ಹೊಳೆಯಲಿಲ್ಲ.

ಫೆಬ್ರುವರಿ ಕೊನೆಗೆ ಫಲಿತಾಂಶ ಬಂತು. ಪಾಸಾದವರ ಪಟ್ಟಿಯಲ್ಲೂ ಅವಳ ಸಂಖ್ಯೆ ಇರಲಿಲ್ಲ, ಫೇಲಾದವರಲ್ಲೂ ಇರಲಿಲ್ಲ. ತಡೆಹಿಡಿದವರದು ಅಂತ ಬೇರೆ ಪಟ್ಟಿ, ಅದರಲ್ಲಿತ್ತು. ಜೊತೆಗೆ ನೋಟಿಸು: ಅರ್ಜಿಯ ಫೋಟೋದಲ್ಲಿ ಅರ್ಜಿಯಲ್ಲೇ ಬರೆದಿರುವ ಗುರುತು ಇಲ್ಲ, ಇಬ್ಬರ ಮುಖ ಬೆರೆಸಿದ ಫೋಟೋ ಇರಬಹುದೆಂಬ ಶಂಕೆಯಿದೆ, ವಿಚಾರಣೆಗೆ ಬರಬೇಕು. ಬೇರೆಯವರಿಂದ ಪರೀಕ್ಷೆ ಬರೆಸುವವರು ಹಾಗೆ ಎರಡು ಮುಖ ಬೆರೆಸುತ್ತಾರೆಂದು ಆ ಗಲ್ಲಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸಿಕ್ಕಿಬಿದ್ದರೆ ಮುಂದೆ ಯಾವ ಪರೀಕ್ಷೆಯನ್ನೂ ಬರೆಯಲು ಬಿಡುವುದಿಲ್ಲ, ಪೊಲೀಸರಿಗೂ ಕೊಡುತ್ತಾರೆ.

ಅವಳು ನೋಟಿಸನ್ನು ಕೌಂಟರಿನ ಮೇಲಿಟ್ಟಳು. ನಾನು ಓದಿದೆ. ಕಂಪ್ಯೂಟರಿನಲ್ಲಿ ಅವಳ ಫೋಟೋ ತೆರೆದು ದೊಡ್ಡದು ಮಾಡಿದೆ. ಹುಬ್ಬಿನ ಮೇಲೆ ಚರ್ಮ ನಯವಾಗಿತ್ತು. ಒಂದು ಗೀರೂ ಇರಲಿಲ್ಲ. ಪರದೆ ನನ್ನ ಕಡೆಗಿತ್ತು, ಅವಳಿಗೆ ಕಾಣುತ್ತಿರಲಿಲ್ಲ.

"ಪ್ರಿಂಟ್ ಸರಿ ಬಂದಿಲ್ಲವೋ ಏನೋ, ನೋಡ್ತೀನಿ" ಎಂದೆ. ಹಾಗೆಂದದ್ದು ನಾನೇ. ಅದನ್ನೂ ಬರೆಯಬೇಕು.

ಮೂರು ದಿನ ಹೇಳಲಿಲ್ಲ. ಮೂಲ ಫೋಟೋ ಎಲ್ಲಾದರೂ ಸಿಕ್ಕೀತೆಂದು ಹುಡುಕಿದೆ. ಕಂಪ್ಯೂಟರಿನಲ್ಲಿ ಇರುವ ಹಾಗಿರಲಿಲ್ಲ, ನನ್ನ ಸ್ಕ್ರಿಪ್ಟೇ ಅದರ ಮೇಲೆ ಬರೆದಿತ್ತು. ಕ್ಯಾಮೆರಾ ಕಾರ್ಡಿನಲ್ಲೂ ಇರಲಿಲ್ಲ. ದಿನಾ ಸಂಜೆ ಬಾಗಿಲು ಹಾಕುವ ಮುಂಚೆ ಕಾರ್ಡನ್ನು ಪೂರ್ತಿ ಅಳಿಸುವುದು ಸುರೀಂದರ್‌ಜೀ ಅವರ ಪದ್ಧತಿ. ಅರ್ಜಿಗೆ ಹಾಕಿದ ಪುಟ್ಟ ಪ್ರತಿ ಬಿಟ್ಟರೆ ಹೆಣ್ಣುಮಕ್ಕಳ ಫೋಟೋ ಅಂಗಡಿಯಲ್ಲಿ ಉಳಿಯಬಾರದು ಎನ್ನುತ್ತಿದ್ದರು. ಅವರ ಅಂಗಡಿಗೆ ಹುಡುಗಿಯರು ಹೆಚ್ಚು ಬರುತ್ತಿದ್ದುದೇ ಆ ನಂಬಿಕೆಯಿಂದ.

ನಾಲ್ಕನೆಯ ದಿನ ಅವಳ ಅಪ್ಪ ಜೊತೆಗೆ ಬಂದರು. ಇಸ್ತ್ರಿ ಮಾಡಿದ ಕೋಟು, ಕಂಕುಳಲ್ಲಿ ಫೈಲು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನೀನಽ ಏನವಾ ಫೋಟೋ ತಗದಾಕಿ?"

"ಹೌದ್ರಿ."

"ಏನಾಗೈತಿ ಅಂತ ಖರೇ ಹೇಳು ತಂಗಿ. ಬೈಯಾಕ ಬಂದಿಲ್ಲ. ಇಪ್ಪತ್ನಾಕು ವರ್ಸ ನೌಕರಿ ಮಾಡೇನಿ, ನನ್ನ ಮಗಳ್ನ ಚಾರ್‌ಸೌಬೀಸ್ ಅಂದ್ರ ಎಲ್ಲಿ ಮುಖ ಇಟ್ಕೊಳ್ಳಿ?"

ಹೇಳಿದೆ. ಸ್ಕ್ರಿಪ್ಟ್ ಎಂದರೆ ಏನು ಎಂಬುದರಿಂದ ಶುರುಮಾಡಿ, ಮೂರು ದಿನ ಸುಮ್ಮನಿದ್ದದ್ದರವರೆಗೆ. ಎಲ್ಲ ಕೇಳಿದ ಮೇಲೆ ಗೌರಿ ಹಿಂದಿಯಲ್ಲಿ ಒಂದೇ ಒಂದು ಕೇಳಿದಳು: "ತೀನ್ ದಿನ್?"

ಅವರು ಹೋದ ಮೇಲೆ ಸುರೀಂದರ್‌ಜೀ ನನ್ನ ಪಕ್ಕ ಸ್ಟೂಲೆಳೆದು ಕುಳಿತರು. "ಬೇಟಾ, ಅಧಿಕಾರಿಗಳಿಗೆ ಬರೆದು ಮಾತ್ರ ಕೊಡಬೇಡ. ಇಲ್ಲಿ ಫೋಟೋ ಬೆರೆಸುತ್ತಾರೆ ಅಂತ ಒಬ್ಬ ಅಂದರೆ ಸಾಕು, ನಾಳೆ ಷಟರ್ ಎಳೆಸುತ್ತಾರೆ" ಎಂದರು. ಅವರ ಹೆದರಿಕೆ ಸುಳ್ಳಲ್ಲ. "ನಾನು ಹೋಗಲೇಬೇಕು" ಎಂದೆ. ಅವರು ಹೀಟರಿಗೆ ಕೈಯೊಡ್ಡಿ, "ಹಾಗಾದರೆ ಕಾರ್ಡ್ ದಿನಾ ಅಳಿಸುತ್ತೇವೆ ಅನ್ನೋದನ್ನೂ ಹೇಳು. ಕಳ್ಳರು ಅನ್ನದಿರಲಿ" ಎಂದರು.

ವಿಚಾರಣೆಯ ದಿನ ನನ್ನ ಹಳೆಯ ಲ್ಯಾಪ್‌ಟಾಪಿಗೆ ಆ ತಂತ್ರಾಂಶ, ಪ್ಲಗಿನ್, ಸ್ಕ್ರಿಪ್ಟ್ ಎಲ್ಲ ಹಾಕಿಕೊಂಡು ಹೋದೆ. ಮೂಲ ಫೋಟೋ ಇಲ್ಲದ ಮೇಲೆ ಉಳಿದದ್ದು ಒಂದೇ ದಾರಿ. ಅವರ ಕಣ್ಣೆದುರೇ ಅವಳ ಹೊಸ ಫೋಟೋ ತೆಗೆದು, ಮಚ್ಚೆ ಹೇಗೆ ಹೋಯಿತು ಎಂದು ತೋರಿಸುವುದು. ಕೋಣೆಯಲ್ಲಿ ಮೂವರು ಅಧಿಕಾರಿಗಳಿದ್ದರು. ನಡುವೆ ಕುಳಿತ ಹಿರಿಯರ ಮೂಗಿನ ಪಕ್ಕ ಒಂದು ದೊಡ್ಡ ನರಹುಲಿ. ಅವರು ನನ್ನ ಮಾತು ಕೇಳಿ, "ಯಂತ್ರ ತಾನೇ ಅಳಿಸಿತು ಅನ್ನುತ್ತೀರಿ. ತೋರಿಸಿ" ಎಂದರು.

ಗೌರಿಯನ್ನು ಗೋಡೆಯ ಮುಂದೆ ನಿಲ್ಲಿಸಿ ನನ್ನ ಫೋನಿನಲ್ಲಿ ಫೋಟೋ ತೆಗೆದೆ. ಅವಳು ಕ್ಯಾಮೆರಾವನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಫೋಟೋದ ಒಂದು ಪ್ರತಿಯನ್ನು ಲ್ಯಾಪ್‌ಟಾಪಿಗೆ ಹಾಕಿದೆ. ದೊಡ್ಡದಿದ್ದರೆ ಮೂವರಿಗೂ ಚೆನ್ನಾಗಿ ಕಾಣುತ್ತದೆಂದುಕೊಂಡು, ಇದ್ದ ಹಾಗೇ ತೆರೆದು, ಕಲೆ ತೆಗೆಯುವ ಪ್ಲಗಿನ್ ಒಂದನ್ನೇ ಒತ್ತಿದೆ. ಪರದೆಯ ಕೆಳಗಿನ ಪಟ್ಟಿ ನಿಧಾನಕ್ಕೆ ತುಂಬಿ ಮುಗಿಯಿತು.

ಮಚ್ಚೆ ಅಲ್ಲೇ ಇತ್ತು.

"ಇದೆಯಲ್ಲ" ಎಂದರು ಹಿರಿಯರು. ಇನ್ನೊಬ್ಬರು ಏನೋ ಬರೆದುಕೊಂಡರು. ಮತ್ತೆ ಒತ್ತಿದೆ. ಮತ್ತೂ ಇತ್ತು. ಹಿಂದೆ ಗೌರಿಯ ಅಪ್ಪ ಕೆಮ್ಮಿದ್ದು ಕೇಳಿಸಿತು. ನನ್ನ ಬೆರಳುಗಳು ಎಷ್ಟು ತಣ್ಣಗಾಗಿದ್ದವೆಂದರೆ ಟಚ್‌ಪ್ಯಾಡ್ ಅವನ್ನು ಗುರುತಿಸುತ್ತಿರಲಿಲ್ಲ. ಅಂಗಡಿಯಲ್ಲಿ ಏನು ಮಾಡುತ್ತಿದ್ದೆ ಎಂದು ಮೊದಲಿನಿಂದ ಒಂದೊಂದೇ ನೆನೆದೆ. ಫೋಲ್ಡರ್ ತೋರಿಸುತ್ತಿದ್ದೆ. ಸ್ಕ್ರಿಪ್ಟ್ ಮೊದಲು ಫೋಟೋವನ್ನು ಚಿಕ್ಕದು ಮಾಡುತ್ತಿತ್ತು. ಕಲೆ ತೆಗೆಯುತ್ತಿದ್ದುದು ಆಮೇಲೆ. ದೊಡ್ಡ ಫೋಟೋದಲ್ಲಿ ಮಚ್ಚೆ ಮಚ್ಚೆಯಾಗಿಯೇ ಇರುತ್ತದೆ, ಪ್ಲಗಿನ್ ಅದನ್ನು ಮುಟ್ಟುವುದಿಲ್ಲ. ಚಿಕ್ಕದು ಮಾಡಿದರೆ ಅದು ಧೂಳಿನ ಕಣದಷ್ಟಾಗುತ್ತದೆ. ಆಗ ಕಸವೆಂದು ಗುಡಿಸಿಹಾಕುತ್ತದೆ.

"ಸರ್, ಕ್ರಮ ತಪ್ಪಿದೆ. ಇನ್ನೊಂದು ಸಲ" ಎಂದೆ. ಇನ್ನೊಂದು ಪ್ರತಿಯ ಮೇಲೆ ಇಡೀ ಸ್ಕ್ರಿಪ್ಟನ್ನು ಓಡಿಸಿದೆ. ನಾಲ್ಕು ಸೆಕೆಂಡು. ಪುಟ್ಟ ಮುಖ, ಬಿಳಿ ಹಿನ್ನೆಲೆ, ನಯವಾದ ಹುಬ್ಬು.

ಮೂವರೂ ಬಗ್ಗಿದರು. ಪರದೆಯನ್ನು ನೋಡಿದರು, ಗೌರಿಯನ್ನು ನೋಡಿದರು. ಹಿರಿಯರು ಕನ್ನಡಕ ತೆಗೆದು, "ನನ್ನದೂ ತೆಗೆಯಿರಿ ನೋಡೋಣ" ಎಂದು ಗೋಡೆಗೆ ಹೋಗಿ ನಿಂತರು. ನರಹುಲಿಯೂ ಹೋಯಿತು. ಬರೆದುಕೊಳ್ಳುತ್ತಿದ್ದವರು, "ಸರ್, ಮನೆಯಲ್ಲಿ ತೋರಿಸಬೇಡಿ, ಒಳಗೆ ಬಿಡಲಿಕ್ಕಿಲ್ಲ" ಎಂದರು. ಹಿರಿಯರು ಅರೆಕ್ಷಣ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನನ್ನು ಕೇಳಿದರು: "ಇದನ್ನು ಎಷ್ಟು ಮಕ್ಕಳ ಮೇಲೆ ಓಡಿಸಿದ್ದೀರಿ?"

"ಆರ್ಡರ್ ಪುಸ್ತಕ ನೋಡಬೇಕು ಸರ್" ಎಂದೆ. ನಿಂತೇ ಹೇಳಿಕೆ ಬರೆದು ಸಹಿ ಹಾಕಿದೆ. ಅಂಗಡಿಯ ಹೆಸರು, ನನ್ನ ಹೆಸರು, ಸ್ಕ್ರಿಪ್ಟ್ ಬರೆದದ್ದು ನಾನೇ ಎಂಬುದು, ಕಾರ್ಡ್ ದಿನಾ ಅಳಿಸುತ್ತಿದ್ದೆವು ಎಂಬುದು.

ಸುರೀಂದರ್‌ಜೀ ಬೈಯಲಿಲ್ಲ. ಮರುದಿನ, "ಸೀಸನ್ ಮುಗೀತಲ್ಲ ಬೇಟಾ" ಎಂದು ಒಂದು ಡಬ್ಬಿ ಗಜಕ್, ಎಳ್ಳು ಬೆಲ್ಲದ ಮಿಠಾಯಿ, ಕೈಗಿಟ್ಟರು. ಅರ್ಥವಾಯಿತು. ಹೋಗುವ ಮುಂಚೆ ಆರ್ಡರ್ ಪುಸ್ತಕ ನೋಡಿಕೊಳ್ಳಲು ಎರಡು ದಿನ ಕೇಳಿದೆ, ಕೊಟ್ಟರು. ಆ ಚಳಿಗಾಲದಲ್ಲಿ ಫೋಟೋ ತೆಗೆಸಿದ ಒಬ್ಬೊಬ್ಬರಿಗೂ ಫೋನ್ ಮಾಡಿದೆ. "ನಿಮ್ಮ ಮುಖದ ಮೇಲೆ ಮಚ್ಚೆ, ಗಾಯದ ಗುರುತು ಇದೆಯಾ?" ಕೆಲವರು ನಕ್ಕರು. ಕೆಲವರು ಏನೋ ಮೋಸವೆಂದು ಕಟ್ ಮಾಡಿದರು. ಇಬ್ಬರು ಸುಮ್ಮನೆ ಕೇಳಿ, "ಅದಕ್ಕೇನಾ ಹಾಗಾದದ್ದು?" ಎಂದಷ್ಟೇ ಹೇಳಿ ಇಟ್ಟರು. ಏನಾಗಿತ್ತೆಂದು ನಾನು ಕೇಳುವಷ್ಟರಲ್ಲಿ ಲೈನ್ ಹೋಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಗೌರಿಯ ಫಲಿತಾಂಶ ಬಿಡುಗಡೆಯಾದದ್ದು ಬಿಸಿಲು ಬಂದ ಮೇಲೆ. ಶಂಕೆ ತೆಗೆದುಹಾಕಿದ್ದೇವೆ, ಅಭ್ಯರ್ಥಿ ಇವರೇ ಎಂದು ಪತ್ರ ಬಂತು. ಕೆಳಗೆ ಅಂಕಗಳು. ಬೇಕಾದದ್ದಕ್ಕಿಂತ ಎರಡು ಕಡಿಮೆ.

ಕೋಣೆ ಖಾಲಿ ಮಾಡಿ ಹೋಗುವ ದಿನ ನನ್ನನ್ನು ಮೆಟ್ರೋ ಮೆಟ್ಟಿಲ ಬಳಿ ಕರೆದಳು. ಪತ್ರ ತೋರಿಸಿದಳು. ನಾನು ಅಂಕಗಳ ಸಾಲನ್ನೇ ನೋಡುತ್ತ ನಿಂತೆ.

"ಫೇಲ್ ಆದದ್ದು ನಾನಽ, ಅಕ್ಕಾ. ಬ್ಯಾರೇ ಯಾರೂ ಅಲ್ಲ. ಸರ್ಕಾರನಽ ಕನ್ಫರ್ಮ್ ಮಾಡೈತಿ ನೋಡ್ರಿ" ಎಂದು ಹುಬ್ಬು ಹಾರಿಸಿದಳು.

ಬಾಗಿಲಲ್ಲಿ ಹೋದ ನಲವತ್ತು ನಿಮಿಷದ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ನಿಮಿಷಗಳು ಅವಳ ಕೈಯಲ್ಲಿದ್ದಿದ್ದರೆ ಎರಡು ಅಂಕ ಬರುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಯಾರೂ ಹೇಳಲಾರರು ಎಂಬುದರಿಂದ ನನಗೆ ಸಮಾಧಾನವಾದದ್ದಿಲ್ಲ. "ಚಲೋ" ಎಂದು ಬ್ಯಾಗು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಎರಡು ತಿಂಗಳಿಗೆ ಅವಳ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಬರತೊಡಗಿತು.

ಮನೆಗೆ ಫೋನ್ ಮಾಡಿ ಓದುತ್ತಿಲ್ಲವೆಂದು ಹೇಳಿದ್ದು ಆ ವಾರವೇ. ಈಗ ನಾನು ಫರೀದಾಬಾದಿನಲ್ಲಿ ಯಂತ್ರದ ಬಿಡಿಭಾಗಗಳ ಕ್ಯಾಟಲಾಗಿಗೆ ಫೋಟೋ ಸರಿಪಡಿಸುವ ಕೆಲಸ ಮಾಡುತ್ತೇನೆ. ಬೋಲ್ಟು, ಬೇರಿಂಗು, ಗೇರು. ಅದೇ ಉಚಿತ ತಂತ್ರಾಂಶ, ನನ್ನವೇ ಸ್ಕ್ರಿಪ್ಟುಗಳು, ಪ್ರತಿಗಳ ಮೇಲೆ ಮಾತ್ರ. ಅವಳ ಅಪ್ಪನ ಕಾರ್ಖಾನೆ ಇಲ್ಲೇ ಎಲ್ಲೋ ಇರಬೇಕು. ಯಾವುದೆಂದು ನಾನು ಅವತ್ತು ಕೇಳಿರಲಿಲ್ಲ. ಶಿಫ್ಟ್ ಬಿಡುವ ಹೊತ್ತಿಗೆ ಗೇಟುಗಳ ಮುಂದೆ ಹಾದುಹೋಗುವಾಗ ಇಸ್ತ್ರಿ ಮಾಡಿದ ಕೋಟು ಕಂಡರೆ ನಡಿಗೆ ತಾನೇ ನಿಧಾನವಾಗುತ್ತದೆ.

ಅಷ್ಟು ಜನರ ಫೋಟೋ ತೆಗೆದ ಆ ಚಳಿಗಾಲದಲ್ಲಿ ನಾವಿಬ್ಬರೂ ಜೊತೆಯಾಗಿ ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ. ಅವಳ ಮುಖವೆಂದು ನನ್ನಲ್ಲಿರುವುದು ಒಂದೇ, ವಿಚಾರಣೆಯ ಕೋಣೆಯಲ್ಲಿ ನನ್ನ ಫೋನಿನಲ್ಲಿ ತೆಗೆದದ್ದು. ಬಣ್ಣ ಉದುರಿದ ಗೋಡೆ, ಮೂಲೆಯಲ್ಲಿ ಹೀಟರಿನ ವೈರು, ಭಯದಲ್ಲಿ ನನ್ನನ್ನೇ ನೋಡುತ್ತಿರುವ ಕಣ್ಣು, ಎಡ ಹುಬ್ಬಿನ ಮೇಲೆ ಮಚ್ಚೆ. ದೊಡ್ಡ ಕಡತ ಅದು. ಫೋನ್ ಬದಲಿಸುವಾಗಲೆಲ್ಲ, ಜಾಗ ಕಡಿಮೆಯಿದೆ, ಫೋಟೋಗಳನ್ನು ಚಿಕ್ಕದು ಮಾಡಲೇ ಎಂದು ಕೇಳುತ್ತದೆ.

ಬೇಡ ಎಂದು ಒತ್ತುತ್ತೇನೆ.